ಗಂಡುನಾಯಿಯ ಫೀಜು: ನ್ಯಾಯವಾದ ಲೆಕ್ಕ ಯಾವುದು?

ಸಣ್ಣ ಜಾತಿಯ ಗಂಡುನಾಯಿಯನ್ನು ಹೆಣ್ಣಿಗೆ ಬಿಡಲು ಎಷ್ಟು ಹಣ ಪಡೆಯಬಹುದು ಎಂಬುದು ಮೇಲುನೋಟಕ್ಕೆ ಹಗುರವಾದ ಪ್ರಶ್ನೆ. ಕೂಲಿ, ಬೋನಸ್, ಮನೆಬಾಡಿಗೆಗಳ ಮಾತು ನಡೆಯುವ ಪುಟದಲ್ಲಿ ನಾಯಿಯ ಮಾತೇಕೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಇಂದು ಪೊಮೇರಿಯನ್, ಪಗ್, ಶಿಟ್ಸು, ಡ್ಯಾಶ್‌ಹಂಡ್ ನಾಯಿಗಳು ಬಂಗಲೆಗಳಲ್ಲಿ ಮಾತ್ರ ಇಲ್ಲ. ಗಿರಣಿಯ ಪಾಳಿ ಮುಗಿಸಿ ಬರುವವನ ಎರಡು ಕೋಣೆಯ ಮನೆಯಲ್ಲಿವೆ. ಕಿರಾಣಿ ಅಂಗಡಿಯ ಹಿಂಬದಿಯಲ್ಲಿವೆ. ಹೊಲಿಗೆ ಯಂತ್ರದ ಕಾಲ ಬಳಿ ಮಲಗಿವೆ. ಮಗುವಿನ ಹಟಕ್ಕೆ ತಂದ ನಾಯಿ ಮರಿ ಹಾಕಿದರೆ ನಾಲ್ಕು ಕಾಸು ಬಂದೀತು ಎಂದು ಮನೆಯೊಡತಿ ಎಣಿಸುತ್ತಾಳೆ. ಎಣಿಸುವುದರಲ್ಲಿ ತಪ್ಪಿಲ್ಲ. ಆದರೆ ಆ ನಾಲ್ಕು ಕಾಸು ಯಾರ ಕೈಗೆ ಹೋಗುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂದು ಕೇಳಿದ ಕೂಡಲೆ, ವಿಷಯ ಹಗುರವಲ್ಲವೆಂದು ತಿಳಿಯುತ್ತದೆ.

ಮೊದಲು ಈಗಿನ ರೂಢಿಯನ್ನು ನೋಡೋಣ. ಪೇಟೆಯ ಮಾತಿನಲ್ಲಿ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹೆಣ್ಣುನಾಯಿ ಬೆದೆಗೆ ಬಂದಾಗ ಅದನ್ನು ಗಂಡಿನ ಮನೆಗೆ ಒಯ್ಯುವುದು ವಾಡಿಕೆ. ಹೊಸ ಜಾಗದಲ್ಲಿ ಗಂಡು ಅಂಜುವುದೇ ಇದಕ್ಕೆ ಕಾರಣ. ಫೀಜಿನಲ್ಲಿ ಎರಡು ಬಗೆ. ಒಂದು, ಅಂಥ ಜಾತಿಯ ಒಂದು ಮರಿಗೆ ಪೇಟೆಯಲ್ಲಿ ಎಷ್ಟು ಬೆಲೆಯೋ ಅಷ್ಟು ಹಣವನ್ನು ಮೊದಲೇ ಎಣಿಸಿಕೊಳ್ಳುವುದು. ಇನ್ನೊಂದು, ಹಣದ ಬದಲು ಮರಿಗಳಲ್ಲಿ ಒಂದನ್ನು, ಅದೂ ಮೊದಲು ಆರಿಸುವ ಹಕ್ಕಿನಿಂದ, ಗಂಡಿನ ಮನೆಯವರು ಎತ್ತಿಕೊಂಡು ಹೋಗುವುದು. ಇವೆರಡರ ನಡುವೆ ದಲ್ಲಾಳಿ ಬಂದು ಕುಳಿತರೆ ಅವನ ಕಮಿಷನ್ ಬೇರೆ. ಹಿಂದೆ ಸಂತೆಯ ಮೂಲೆಯಲ್ಲಿ ನಿಲ್ಲುತ್ತಿದ್ದ ದಲ್ಲಾಳಿ ಈಗ ವಾಟ್ಸಾಪ್ ಗುಂಪಿನಲ್ಲಿ ಕುಳಿತಿದ್ದಾನೆ. ಜಾಗ ಬದಲಾಗಿದೆ, ಗುಣ ಬದಲಾಗಿಲ್ಲ.

ಈ ರೂಢಿ ನ್ಯಾಯವೇ? ಲೆಕ್ಕ ಹಾಕಿಯೇ ಹೇಳೋಣ. ಕೆಳಗಿನ ಅಂಕಿಗಳು ಪೇಟೆಯ ದರವಲ್ಲ, ಲೆಕ್ಕ ತಿಳಿಯಲೆಂದು ಹಿಡಿದುಕೊಂಡವು; ವಾಚಕರು ತಮ್ಮ ಊರಿನ ದರವನ್ನು ಇಟ್ಟು ನೋಡಬಹುದು. ಒಂದು ಮರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸಣ್ಣ ಜಾತಿಯ ನಾಯಿ ಹಿಂಡುಗಟ್ಟಲೆ ಮರಿ ಹಾಕುವುದಿಲ್ಲ. ಎರಡು, ಮೂರು, ಕೆಲವೊಮ್ಮೆ ಒಂದೇ. ಮೂರು ಮರಿ ಉಳಿದವು ಎನ್ನೋಣ. ಒಟ್ಟು 18,000. ಗಬ್ಬದ ಕಾಲದ ಹೆಚ್ಚಿನ ಆಹಾರ, ವೈದ್ಯರ ಖರ್ಚು, ಮರಿಗಳ ಜಂತುಹುಳದ ಔಷಧ, ಮೊದಲ ಲಸಿಕೆ ಸೇರಿ 5,000. ಫೀಜು 6,000. ಉಳಿಯುವುದು 7,000.

ಈ 7,000ಕ್ಕೆ ದುಡಿಮೆ ಎಷ್ಟು? ಗಬ್ಬ ಸುಮಾರು 63 ದಿನ. ಮರಿಯನ್ನು ತಾಯಿಯಿಂದ ಬಿಡಿಸುವ ಮೊದಲು 8 ವಾರ, ಎಂದರೆ 56 ದಿನ. ಒಟ್ಟು 119 ದಿನ. ಸುಮಾರು ನಾಲ್ಕು ತಿಂಗಳು. ದಿನಕ್ಕೆ 60 ರೂಪಾಯಿಯೂ ಬೀಳಲಿಲ್ಲ! ರಾತ್ರಿ ಎದ್ದು ಮರಿಗಳನ್ನು ಬೆಚ್ಚಗಿಡುವವರು, ಹೊಲಸು ತೆಗೆಯುವವರು, ಮೊಲೆಗೆ ಬಾಯಿ ಹಚ್ಚದ ಮರಿಗೆ ಹನಿಹನಿಯಾಗಿ ಹಾಲು ಕುಡಿಸುವವರು ಮನೆಯ ಹೆಂಗಸರು. ಅವರ ದುಡಿಮೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಗಂಡಿನ ಮನೆಯವರಾದರೋ ಎರಡು ದಿನದಲ್ಲಿ 6,000 ಪಡೆದು ಬಾಗಿಲು ಹಾಕಿಕೊಂಡರು.

ಇದು ಎಲ್ಲವೂ ಸುಸೂತ್ರವಾದಾಗಿನ ಮಾತು. ಮರಿ ಒಂದೇ ಆದರೆ? ಬಂದ 6,000 ಪೂರ್ತಿ ಫೀಜಿಗೇ ಹೋಯಿತು, 5,000 ಕೈಯಿಂದ ಹೋಯಿತು. ಫೀಜಿನ ಬದಲು ಮರಿ ಕೊಡುವ ಕರಾರಾಗಿದ್ದರೆ ಇದ್ದ ಒಂದು ಮರಿಯೂ ಹೋಯಿತು. ಹೆರಿಗೆ ಕಷ್ಟವಾಗಿ ಹೊಟ್ಟೆ ಕೊಯ್ಯಬೇಕಾದರೆ? ಸಣ್ಣ ಜಾತಿಗಳಲ್ಲಿ, ಅದರಲ್ಲಿಯೂ ತಲೆ ದೊಡ್ಡದಾಗಿ ಮೂತಿ ಚಪ್ಪಟೆಯಾಗಿರುವ ಪಗ್‌ನಂಥ ನಾಯಿಗಳಲ್ಲಿ, ಇದು ಅಪರೂಪವಲ್ಲ. ಒಂದೇ ಮರಿ ಇದ್ದಾಗ ಅದು ಹೊಟ್ಟೆಯಲ್ಲಿ ದೊಡ್ಡದಾಗಿ ಬೆಳೆದು ಸಿಕ್ಕಿಕೊಳ್ಳುವುದೂ ಉಂಟು. ಶಸ್ತ್ರಚಿಕಿತ್ಸೆಗೆ 10,000 ಎಂದರೆ ಮೂರು ಮರಿ ಉಳಿದರೂ 3,000 ನಷ್ಟ. ಹೆತ್ತ ಮೇಲೆ, ಹಾಲು ಹೆಚ್ಚಾಗುವ ಮೊದಲ ಕೆಲವು ವಾರಗಳಲ್ಲಿ, ಸಣ್ಣ ನಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ನಡುಕ ಬಂದು ಮೈ ಸೆಟೆದುಕೊಳ್ಳುವುದುಂಟು; ಆ ಗಳಿಗೆಯಲ್ಲಿ ಚುಚ್ಚುಮದ್ದು ಸಿಗದಿದ್ದರೆ ತಾಯಿಯೇ ಸಾಯುತ್ತದೆ. ಈ ಯಾವ ಅಪಾಯದಲ್ಲಿಯೂ ಗಂಡಿನ ಮನೆಯವರ ಪಾಲಿಲ್ಲ. ಲಾಭದಲ್ಲಿ ಮೊದಲ ಪಂಕ್ತಿ, ನಷ್ಟದಲ್ಲಿ ಪತ್ತೆ ಇಲ್ಲ ಎಂಬ ನೀತಿಯನ್ನು ನಮ್ಮ ವಾಚಕರು ಬೇರೆ ಕಡೆಯೂ ಕಂಡಿದ್ದಾರೆ. ನಾಯಿಯ ವ್ಯವಹಾರದಲ್ಲಿ ಅದನ್ನು ನಾವೇ ಒಬ್ಬರ ಮೇಲೊಬ್ಬರು ನಡೆಸುವುದು ಸರಿಯೆ?

ಹಾಗೆಂದ ಮಾತ್ರಕ್ಕೆ ಗಂಡುನಾಯಿಯ ಒಡೆಯನಿಗೆ ಏನೂ ಸಲ್ಲಬಾರದು ಎಂಬುದು ನಮ್ಮ ವಾದವಲ್ಲ. ಅವನೂ ನಮ್ಮವನೇ. ಆದುದರಿಂದ ಅವನಿಗೆ ಯಾವುದಕ್ಕೆ ಹಣ ಸಲ್ಲಬೇಕು, ಯಾವುದಕ್ಕೆ ಸಲ್ಲಬಾರದು ಎಂಬುದನ್ನು ಬಿಡಿಸಿ ನೋಡಬೇಕು.

ವರ್ಷವಿಡೀ ನಾಯಿಗೆ ಹಾಕಿದ ಅನ್ನ, ಹಾಲು, ಮೊಟ್ಟೆಯ ಖರ್ಚನ್ನು ಫೀಜಿನಲ್ಲಿ ಸೇರಿಸುವವರಿದ್ದಾರೆ. ಇದು ಸಲ್ಲದು. ಕ್ರಾಸಿಂಗ್ ಇರಲಿ ಇಲ್ಲದಿರಲಿ, ಆ ನಾಯಿ ಮನೆ ಕಾಯುತ್ತದೆ, ಮಕ್ಕಳ ಜೊತೆ ಆಡುತ್ತದೆ, ಊಟ ಮಾಡಿಯೇ ಮಾಡುತ್ತದೆ. ವರ್ಷವರ್ಷ ಹಾಕಿಸುವ ಹುಚ್ಚುನಾಯಿ ರೋಗದ ಲಸಿಕೆಯೂ ಹಾಗೆಯೇ. ಅದು ಒಡೆಯನ ಕರ್ತವ್ಯ, ಬೇರೆಯವರ ಸಾಲವಲ್ಲ. ನಾಯಿಯನ್ನು ಕೊಂಡಾಗ ಕೊಟ್ಟ ದೊಡ್ಡ ಬೆಲೆಯನ್ನು ನಾಲ್ಕು ಕ್ರಾಸಿಂಗಿನಲ್ಲಿ ಎತ್ತಿಬಿಡಬೇಕೆನ್ನುವವನು ತಾನು ಮೋಸಹೋದದ್ದನ್ನು ನೆರೆಯವನಿಂದ ವಸೂಲು ಮಾಡಲು ಹೊರಟಿದ್ದಾನೆ, ಅಷ್ಟೆ.

ಬೆಲೆ ಏರುವುದು ಹೇಗೆಂಬುದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ನಮ್ಮ ಊರುಗಳಲ್ಲಿ ಪೊಮೇರಿಯನ್ ಎಂದು ಕರೆಯುವ ಬಿಳಿಯ ತುಪ್ಪುಳಿನ ನಾಯಿ ನಿಜವಾಗಿ ಇಂಡಿಯನ್ ಸ್ಪಿಟ್ಜ್. ನಿಜವಾದ ಪೊಮೇರಿಯನ್ ಎರಡು-ಮೂರು ಕಿಲೋ ತೂಗುವ ಪುಟ್ಟ ಪ್ರಾಣಿ. ಸ್ಪಿಟ್ಜ್ ಅದಕ್ಕಿಂತ ದೊಡ್ಡದು, ನಮ್ಮ ಸೆಕೆಗೆ ಹೊಂದಿಕೊಂಡದ್ದು, ಅನ್ನ-ರೊಟ್ಟಿ ತಿಂದು ಬದುಕುವುದು. 1994ರಲ್ಲಿ ಬಂದ ‘ಹಮ್ ಆಪ್ಕೆ ಹೈ ಕೌನ್’ ಹಿಂದೀ ಚಿತ್ರದಲ್ಲಿ ಇಂಥದೇ ನಾಯಿಯನ್ನು ಜನ ನೋಡಿದರು, ಬೇಡಿಕೆ ಏರಿತು. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಪಗ್ ನಡೆಯಿತು. ಪಗ್‌ನ ಬೇಡಿಕೆ ಏರಿತು. ನಾಯಿಯ ಗುಣ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಪರದೆಯ ಮೇಲಿನ ಹುಚ್ಚಿಗೆ ಬೆಲೆ ಏರಿದರೆ, ಆ ಏರಿದ ಬೆಲೆಯ ಮೇಲೆ ಫೀಜು ಏರಿಸುವುದು ಬರಿಯ ಪರೋಪಜೀವನ. ಸ್ಪಿಟ್ಜ್ ನಾಯಿಯನ್ನು ಪೊಮೇರಿಯನ್ ಎಂದು ಹೇಳಿ ಪೊಮೇರಿಯನ್ನಿನ ಫೀಜು ಕೇಳುವುದಂತೂ ಕಲಬೆರಕೆ ಎಣ್ಣೆ ಮಾರಿದಂತೆ.

ಹಾಗಾದರೆ ಹಣ ಯಾವುದಕ್ಕೆ ಸಲ್ಲಬೇಕು? ಗಂಡಿನ ಆರೋಗ್ಯವನ್ನು ಪರೀಕ್ಷಿಸಿಟ್ಟದ್ದಕ್ಕೆ ಸಲ್ಲಬೇಕು. ಇದೇ ಈ ವ್ಯವಹಾರದ ತಿರುಳು. ಇದನ್ನೇ ಜನ ಕೇಳುವುದಿಲ್ಲ.

ಸಣ್ಣ ಜಾತಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುವ ದೋಷ ಬಹಳ. ನಾಯಿ ಓಡುತ್ತಿರುವಾಗ ಹಠಾತ್ತಾಗಿ ಒಂದು ಕಾಲೆತ್ತಿ ಕುಂಟಿ, ನಾಲ್ಕು ಹೆಜ್ಜೆಯ ಮೇಲೆ ಸರಿಯಾಗುವುದನ್ನು ಕಂಡವರು ನಗುತ್ತಾರೆ. ಅದು ನಗುವ ವಿಷಯವಲ್ಲ, ವಂಶಪಾರಂಪರ್ಯವಾಗಿ ಇಳಿಯುವ ದೋಷ. ಬೀಜ ಒಂದೇ ಇಳಿದು ಇನ್ನೊಂದು ಹೊಟ್ಟೆಯಲ್ಲೇ ಉಳಿದ ಗಂಡುಗಳೂ ಸಣ್ಣ ಜಾತಿಗಳಲ್ಲಿ ಹೆಚ್ಚು. ಅವು ಮರಿ ಹುಟ್ಟಿಸಬಲ್ಲವು, ಆದರೆ ದೋಷ ಮರಿಗೂ ಇಳಿಯುತ್ತದೆ. ಅಂಥ ಗಂಡನ್ನು ಹೆಣ್ಣಿಗೆ ಬಿಡಲೇಬಾರದು. ಇವೆರಡನ್ನೂ ಪಶುವೈದ್ಯರು ಕೈಯಿಂದ ಮುಟ್ಟಿ ನೋಡಿಯೇ ಹೇಳಬಲ್ಲರು. ದೊಡ್ಡ ಯಂತ್ರ ಬೇಕಿಲ್ಲ.

ಇನ್ನು ಕೂಡುವುದರಿಂದ ಹರಡುವ ರೋಗಗಳು. ಬ್ರೂಸೆಲ್ಲಾ ಕ್ಯಾನಿಸ್ ಎಂಬ ಸೂಕ್ಷ್ಮಜೀವಿ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ದಾಟುತ್ತದೆ. ಹೆಣ್ಣಿಗೆ ಗಬ್ಬದ ಕೊನೆಯ ದಿನಗಳಲ್ಲಿ ಮರಿ ಕಳಚುತ್ತದೆ, ಗಂಡು ಬರಡಾಗುತ್ತದೆ, ಮನುಷ್ಯರಿಗೂ ತಗಲಬಹುದು. ಇದಕ್ಕೆ ರಕ್ತಪರೀಕ್ಷೆಯುಂಟು. ಇನ್ನೊಂದು, ಜನನಾಂಗದ ಮೇಲೆ ಹೂಕೋಸಿನಂತೆ ಬೆಳೆದು ರಕ್ತ ಒಸರುವ ಗೆಡ್ಡೆ. ಬೀದಿನಾಯಿಗಳು ಬಹಳವಿರುವ ನಮ್ಮ ದೇಶದಲ್ಲಿ ಇದು ಸಾಮಾನ್ಯ. ವಾರಕ್ಕೊಂದರಂತೆ ಹಲವು ವಾರ ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನ ನಾಯಿಗಳು ಗುಣವಾಗುತ್ತವೆ. ಆದರೆ ಆ ಚಿಕಿತ್ಸೆಯ ಖರ್ಚು ಫೀಜನ್ನು ನುಂಗಿಬಿಡುತ್ತದೆ. ಹೀಗಿರುವಾಗ, ಪರೀಕ್ಷೆಯ ಚೀಟಿ ತೋರಿಸದೆ ಬರಿಯ ಕೂದಲಿನ ಹೊಳಪು ತೋರಿಸಿ ಸಾವಿರಾರು ಕೇಳುವವನಿಗೆ ಒಂದು ಕಾಸೂ ಕೊಡಬಾರದು. ಹೆಣ್ಣಿನವರೂ ತಮ್ಮ ನಾಯಿಯ ಚೀಟಿಯನ್ನು ತರತಕ್ಕದ್ದು. ರೋಗ ಎರಡು ದಾರಿಯಲ್ಲಿಯೂ ನಡೆಯುತ್ತದೆ.

ಕೆನೆಲ್ ಕ್ಲಬ್ ಕಾಗದಗಳ ವಿಷಯವಾಗಿಯೂ ಒಂದು ಮಾತು. ಚೆನ್ನೈಯಲ್ಲಿ ಮುಖ್ಯ ಕಚೇರಿಯಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಮರಿಗಳನ್ನು ನೋಂದಾಯಿಸಲು ತಂದೆನಾಯಿಯ ಒಡೆಯನ ರುಜುವೂ ಬೇಕು. ಈ ರುಜುವನ್ನು ಒತ್ತೆಯಿಟ್ಟುಕೊಂಡು, ಮರಿ ಹುಟ್ಟಿದ ಮೇಲೆ ಇನ್ನಷ್ಟು ಹಣ ಕೇಳಿದರೆ ಹೆಣ್ಣಿನವರು ಏನು ಮಾಡಬೇಕು? ರುಜು ಫೀಜಿನಲ್ಲಿ ಸೇರಿದ್ದು ಎಂದು ಮೊದಲೇ ಬರೆಸಿಕೊಳ್ಳಬೇಕು. ಕಾಗದವು ನಾಯಿಯ ಅಜ್ಜ ಯಾರು ಎಂದು ಹೇಳುತ್ತದೆಯೇ ಹೊರತು ನಾಯಿಯ ಮಂಡಿ ಹೇಗಿದೆ ಎಂದು ಹೇಳುವುದಿಲ್ಲ ಎಂಬುದನ್ನೂ ಮರೆಯಬಾರದು.

ಈಗ ನಮ್ಮ ಸಲಹೆಗೆ ಬರುತ್ತೇವೆ. ಫೀಜನ್ನು ಎರಡು ಭಾಗ ಮಾಡಬೇಕು. ಮೊದಲ ಭಾಗ, ಗಂಡಿನ ಮನೆಯವರ ನಿಜವಾದ ಖರ್ಚು ಮತ್ತು ಸಮಯ: ವೈದ್ಯರ ಪರೀಕ್ಷೆ, ಎರಡು ದಿನದ ಕೆಲಸ, ಜಾಗ ತೊಳೆದು ಸ್ವಚ್ಛ ಮಾಡುವುದು. ಇದನ್ನು ಕ್ರಾಸಿಂಗಿನ ದಿನವೇ ಕೊಡಬೇಕು. ಎರಡನೆಯ ಭಾಗ, ಎಂಟನೆಯ ವಾರದಲ್ಲಿ ಜೀವಂತವಾಗಿರುವ ಪ್ರತಿಯೊಂದು ಮರಿಗೆ ಅದರ ಬೆಲೆಯ ಹತ್ತರಲ್ಲೊಂದು ಪಾಲು. ಮೇಲಿನ ಲೆಕ್ಕವನ್ನೇ ಹಿಡಿಯೋಣ. ಮೊದಲ ಭಾಗ 1,500 ಎಂದರೆ, ಮೂರು ಮರಿಗೆ ತಲಾ 600ರಂತೆ 1,800 ಸೇರಿ ಗಂಡಿನವರಿಗೆ 3,300. ಹೆಣ್ಣಿನವರಿಗೆ ಖರ್ಚು ಕಳೆದು 9,700. ಒಂದೇ ಮರಿಯಾದರೆ ಗಂಡಿನವರಿಗೆ 2,100; ಹೆಣ್ಣಿನವರಿಗೆ 5,000ದ ಬದಲು 1,100 ಮಾತ್ರ ನಷ್ಟ. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಯಲ್ಲಿ ಫೀಜಿಲ್ಲದೆ ಇನ್ನೊಮ್ಮೆ ಬಿಡಬೇಕು. ಹೀಗೆ ಮಾಡಿದಾಗ ಇಬ್ಬರೂ ಒಂದೇ ತಕ್ಕಡಿಯಲ್ಲಿ ಕುಳಿತಂತಾಗುತ್ತದೆ. ಮರಿ ಬದುಕಿದರೆ ತನಗೂ ಲಾಭವೆಂದು ತಿಳಿದ ಗಂಡಿನ ಒಡೆಯ, ರೋಗದ ನಾಯಿಯನ್ನು ಬಿಡುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು.

“ನಾಯಿ ನನ್ನದು, ಬೆಲೆ ನನ್ನಿಷ್ಟ” ಎನ್ನುವವರಿದ್ದಾರೆ. ಇಷ್ಟವೇನೋ ನಿಮ್ಮದೇ. ಆದರೆ ಕೊಡುವವರ ಇಷ್ಟವೂ ಒಂದುಂಟು. ಬೀದಿಯ ಹತ್ತು ಮನೆಯವರು ಒಟ್ಟಾಗಿ, ನ್ಯಾಯವಾದ ಕರಾರಿಗೆ ಒಪ್ಪದ ಗಂಡಿನ ಬಳಿಗೆ ನಾವು ಹೋಗುವುದಿಲ್ಲ ಎಂದು ನಿಂತರೆ ಆ ಇಷ್ಟ ತಾನಾಗಿ ಮೆತ್ತಗಾಗುತ್ತದೆ. ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟುವುದರಿಂದಲೇ ಬೆಲೆ ಏರುತ್ತದೆಂದು ಗಿರಣಿಯಲ್ಲಿ ದುಡಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

“ಎಷ್ಟು ಮರಿ ಬದುಕಿದವೆಂದು ನಂಬುವುದು ಹೇಗೆ?” ಎಂದು ಗಂಡಿನವರು ಕೇಳಬಹುದು. ಪ್ರಶ್ನೆ ಸರಿಯಾದದ್ದೆ. ಹುಟ್ಟಿದ ದಿನ, ನಾಲ್ಕನೆಯ ವಾರ, ಎಂಟನೆಯ ವಾರ, ಹೀಗೆ ಮೂರು ಸಲ ಬಂದು ನೋಡುವ ಹಕ್ಕು ಅವರಿಗಿರಲಿ. ಬರಲಾಗದಿದ್ದರೆ ಫೋನಿನಲ್ಲಿ ಚಿತ್ರ ತರಿಸಿಕೊಳ್ಳಲಿ. ಒಂದೇ ಊರಿನವರು ಸುಳ್ಳು ಹೇಳಿ ಎಷ್ಟು ದಿನ ನಡೆಸಿಯಾರು?

“ಹಿಂದೆ ಒಳ್ಳೆಯ ಮರಿ ಕೊಟ್ಟ ಗಂಡಿಗೂ, ಇನ್ನೂ ಒಮ್ಮೆಯೂ ಕೂಡದ ಗಂಡಿಗೂ ಒಂದೇ ಫೀಜೆ?” ಅಲ್ಲ. ಹಿಂದಿನ ಮರಿಗಳನ್ನು ಕಣ್ಣಾರೆ ನೋಡಲು ಸಾಧ್ಯವಾದರೆ, ಅವು ಆರೋಗ್ಯವಾಗಿದ್ದು ಸಾಧುಸ್ವಭಾವದವಾದರೆ, ಹತ್ತರಲ್ಲೊಂದರ ಬದಲು ಹೆಚ್ಚು ಪಾಲು ಕೊಡುವುದು ನ್ಯಾಯ. ಹೊಸ ಗಂಡಿಗೆ ಮೊದಲ ಭಾಗವಷ್ಟೇ ಸಾಕು. ಸಾಬೀತಾದ ಗುಣಕ್ಕೆ ಬೆಲೆಯುಂಟು, ಬಾಯಿಮಾತಿನ ಗುಣಕ್ಕಿಲ್ಲ.

ಕೊನೆಯ ಆಕ್ಷೇಪಣೆ ಎಲ್ಲಕ್ಕಿಂತ ಭಾರವಾದದ್ದು. “ಬೀದಿಯಲ್ಲಿ ನೂರಾರು ಮರಿಗಳು ಲಾರಿಯ ಗಾಲಿಗೆ ಸಿಕ್ಕಿ ಸಾಯುತ್ತಿರುವಾಗ ಇನ್ನಷ್ಟು ಮರಿ ಹುಟ್ಟಿಸಿ ಮಾರುವುದೇತಕ್ಕೆ?” ಈ ಮಾತನ್ನು ನಾವು ಗೌರವಿಸುತ್ತೇವೆ. ಮರಿಗಳಿಗೆ ಮೊದಲೇ ಮನೆ ಗೊತ್ತಾಗದೆ ಕ್ರಾಸಿಂಗ್ ಮಾಡಿಸಲೇಬಾರದು. ಮರಿ ಬೇಡದವರು ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿಬಿಡುವುದೇ ಮೇಲು. ನಾಯಿ ಬೇಕೆನ್ನುವವರು ಬೀದಿಯ ಮರಿಯನ್ನು ಸಾಕಿದರೆ ಅದೂ ಅಷ್ಟೇ ನಿಷ್ಠೆಯಿಂದ ಬಾಗಿಲು ಕಾಯುತ್ತದೆ. ಆದರೆ ಕ್ರಾಸಿಂಗ್ ನಡೆಯುವುದಿಲ್ಲ ಎಂದು ಕಣ್ಣುಮುಚ್ಚಿ ಕುಳಿತರೆ ಅದು ನಿಲ್ಲುವುದಿಲ್ಲ. ದಲ್ಲಾಳಿಯ ಕೈಗೆ ಪೂರ್ತಿಯಾಗಿ ಹೋಗುತ್ತದೆ. ನಾವು ಕೇಳುವ ಪರೀಕ್ಷೆ, ವಯಸ್ಸು, ಕರಾರುಗಳೆಲ್ಲ ಮರಿಗಳ ಸಂಖ್ಯೆಯನ್ನು ಹೆಚ್ಚಿಸುವಂಥವಲ್ಲ, ಬೇಜವಾಬ್ದಾರಿಯಿಂದ ಹುಟ್ಟಿಸುವುದನ್ನು ತಡೆಯುವಂಥವು.

ಕಾನೂನೂ ಇದನ್ನೇ ಹೇಳುತ್ತದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ ಕೆಳಗೆ 2017ರಲ್ಲಿ ನಾಯಿಗಳ ಸಾಕಣೆ ಮತ್ತು ಮಾರಾಟದ ನಿಯಮಗಳು ಬಂದಿವೆ. ಮಾರುವುದಕ್ಕಾಗಿ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹದಿನೆಂಟು ತಿಂಗಳು ತುಂಬದ ನಾಯಿಯನ್ನು, ಗಂಡಾಗಲಿ ಹೆಣ್ಣಾಗಲಿ, ಕೂಡಿಸಕೂಡದು. ಎಂಟು ವರ್ಷ ದಾಟಿದ ಹೆಣ್ಣಿಗೆ ಮರಿ ಮಾಡಿಸಕೂಡದು. ಒಂದರ ಹಿಂದೊಂದು ಬೆದೆಯಲ್ಲಿ ಮರಿ ಹಾಕಿಸಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಇವು ಒಳ್ಳೆಯ ನಿಯಮಗಳು. ಆದರೆ ನಿಯಮ ಕನ್ನಡದಲ್ಲಿ ಅಚ್ಚಾಗಿ ಪಶು ಆಸ್ಪತ್ರೆಯ ಗೋಡೆಯ ಮೇಲೆ ತೂಗದಿದ್ದರೆ ಗಿರಣಿಯ ಓಣಿಗೆ ತಲುಪುವುದು ಹೇಗೆ? ಪುರಸಭೆಯೂ ಪಶುಸಂಗೋಪನಾ ಇಲಾಖೆಯೂ ಈ ಚಿಕ್ಕ ಕೆಲಸವನ್ನಾದರೂ ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ.

ಒಪ್ಪಂದ ಮಾಡಿಕೊಳ್ಳುವವರು ಒಂದು ಹಾಳೆಯಲ್ಲಿ ಈ ಕೆಳಗಿನ ಅಂಶಗಳನ್ನು ಬರೆದು ಇಬ್ಬರೂ ರುಜು ಹಾಕಬೇಕೆಂದು ನಮ್ಮ ಸೂಚನೆ:

1. ಎರಡೂ ನಾಯಿಗಳಿಗೆ ಹದಿನೆಂಟು ತಿಂಗಳು ತುಂಬಿದೆ. ಎರಡಕ್ಕೂ ವೈದ್ಯರ ಚೀಟಿ ಮತ್ತು ಹುಚ್ಚುನಾಯಿ ರೋಗದ ಲಸಿಕೆಯ ದಾಖಲೆ ಇದೆ.

2. ಗಂಡು ಹೆಣ್ಣಿಗಿಂತ ದೊಡ್ಡದಲ್ಲ. ಮರಿ ಸಿಕ್ಕಿಕೊಂಡರೆ ಸಾಯುವುದು ಹೆಣ್ಣು.

3. ಫೀಜು ಒಂದು ಬೆದೆಗೆ, ಒಂದು ಸಲಕ್ಕಲ್ಲ. ರಕ್ತ ಕಂಡ ಮೊದಲ ದಿನದಿಂದ ಎಣಿಸಿ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ, ಒಂದು ದಿನ ಬಿಟ್ಟು ಎರಡು ಸಲ ಬಿಡುವುದು. ನಾಯಿಯಿಂದ ನಾಯಿಗೆ ದಿನ ವ್ಯತ್ಯಾಸವಾಗುವುದರಿಂದ ಹೆಣ್ಣು ಒಲ್ಲೆನೆಂದರೆ ಬಲವಂತ ಮಾಡಕೂಡದು. ಕೂಡಿದ ಮೇಲೆ ಅವು ಸಿಕ್ಕಿಕೊಂಡು ಅರ್ಧ ಗಂಟೆಯವರೆಗೂ ನಿಲ್ಲಬಹುದು. ಎಳೆದು ಬಿಡಿಸಿದರೆ ಎರಡಕ್ಕೂ ಗಾಯವಾಗುತ್ತದೆ.

4. ಮೊದಲ ಭಾಗ ಇಷ್ಟು, ಎರಡನೆಯ ಭಾಗ ಮರಿಗೆ ಇಷ್ಟು, ಕೊಡುವ ದಿನ ಇಂಥದು. ನೋಂದಣಿಯ ಕಾಗದಕ್ಕೆ ರುಜು ಇದರಲ್ಲಿಯೇ ಸೇರಿದೆ.

5. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಗೆ ಫೀಜಿಲ್ಲ. ಅಷ್ಟರೊಳಗೆ ಗಂಡು ಸತ್ತರೆ ಮೊದಲ ಭಾಗದ ಅರ್ಧ ವಾಪಸು.

6. ಹಣದ ಬದಲು ಮರಿಯಾದರೆ, ಎರಡಕ್ಕಿಂತ ಹೆಚ್ಚು ಮರಿ ಬದುಕಿದಾಗ ಮಾತ್ರ. ಮೊದಲು ಆರಿಸುವ ಹಕ್ಕು ಹೆಣ್ಣಿನವರದು.

7. ಗಂಡಿಗೆ ಒಂದು ಹೆಣ್ಣಿನ ಸರದಿ ಮುಗಿದ ಮೇಲೆ ಕನಿಷ್ಠ ಒಂದು ವಾರ ವಿಶ್ರಾಂತಿ. ಅದು ಯಂತ್ರವಲ್ಲ.

8. ಮಧ್ಯಸ್ಥನಿಗೆ ಕಮಿಷನ್ ಇಲ್ಲ.

ಫೋನಿನಲ್ಲಿ ಕಳಿಸಿದ ಹಣಕ್ಕೆ ಗುರುತು ಉಳಿಯುತ್ತದೆ. ಕೈಯಲ್ಲಿ ಕೊಟ್ಟರೆ ರಶೀದಿ ಬರೆಸಿಕೊಳ್ಳಿ. ನೆರೆಹೊರೆಯವರ ನಡುವೆ ಕಾಗದವೇಕೆ ಎಂದು ಸಂಕೋಚಪಡಬೇಡಿ. ಬಾಯಿಮಾತಿನ ಕರಾರು ಮರಿ ಹುಟ್ಟುವವರೆಗೆ ಸ್ನೇಹ, ಹುಟ್ಟಿದ ಮೇಲೆ ಜಗಳ. ಎಷ್ಟೋ ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದ ಎರಡು ಮನೆಗಳು ಒಂದು ಮರಿಗಾಗಿ ಮಾತು ಬಿಡುವುದಕ್ಕಿಂತ ಒಂದು ಹಾಳೆ ಕಾಗದ ಅಗ್ಗ.

ನಾಯಿ ಮೂಕಪ್ರಾಣಿ. ಅದರ ಹೆಸರಿನಲ್ಲಿ ಹಣ ಎಣಿಸುವವರು ನಾವು. ಗಂಡಿನವರಿಗೆ ಅವರ ಪಾಲು ಸಲ್ಲಲಿ, ಹೆಣ್ಣಿನವರ ದುಡಿಮೆಗೆ ಬೆಲೆ ಸಿಗಲಿ, ಮರಿಗೆ ನೆಟ್ಟಗೆ ನಡೆಯುವ ಕಾಲಿರಲಿ. ಇಷ್ಟನ್ನು ಸಾಧಿಸಲು ಸರಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಓಣಿಯವರು ಒಂದು ಭಾನುವಾರ ಸಂಜೆ ಕೂಡಿ ಕುಳಿತು ತಮ್ಮ ಊರಿನ ದರ ನಿಶ್ಚಯಿಸಿ, ಅದನ್ನು ಅಂಗಡಿಯ ಬಾಗಿಲಿಗೆ ಅಂಟಿಸಲಿ.